ಘಾಟಿ ದಾರಿಯಲ್ಲಿ ಮಗು: ಕಾರಿನ ಸೀಟು, ಬೆಲ್ಟು ಬಿಗಿಯುವ ಕ್ರಮ

ಕುಶಾಲನಗರದಿಂದ ಮಡಿಕೇರಿ ಕಡೆಗೆ ಬರುವಾಗ ಆನೆಕಾಡು ದಾಟುವ ತನಕ ನಾನು ವೇಗ ತಗ್ಗಿಸಿಕೊಂಡೇ ಇರುತ್ತೇನೆ. ಅಂದು ಸಂಜೆಯೂ ಗಂಟೆಗೆ ನಲವತ್ತು ಕಿಲೋಮೀಟರ್ ಮೀರಿರಲಿಲ್ಲ. ಎಡಗಡೆಯ ಬಿದಿರಿನ ಮೆಳೆಯಿಂದ ಆನೆಯೊಂದು ರಸ್ತೆಗೆ ಕಾಲಿಟ್ಟಿತು. ಬ್ರೇಕ್ ಒತ್ತಿದೆ, ಕಾರು ನಿಂತಿತು, ಆನೆ ನಮ್ಮತ್ತ ತಿರುಗಿಯೂ ನೋಡದೆ ದಾಟಿಹೋಯಿತು. ಆದರೆ ಹಿಂದಿನ ಸೀಟಿನಲ್ಲಿ ಅಕ್ಕನ ಮಡಿಲಲ್ಲಿದ್ದ ಒಂದೂವರೆ ವರ್ಷದ ಮಗು ಈಗ ಅವಳ ಕೈಯಲ್ಲಿರಲಿಲ್ಲ. ನನ್ನ ಸೀಟಿನ ಬೆನ್ನಿಗೆ ಹಣೆ ಬಡಿದುಕೊಂಡು, ಕಾಲಿಡುವ ಜಾಗದಲ್ಲಿ ಬಿದ್ದು ಚೀರುತ್ತಿತ್ತು. ಹಣೆ ನಿಂಬೆಹಣ್ಣಿನಷ್ಟು ಊದಿಕೊಂಡಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮನೆ ತಲುಪುವ ತನಕ ಅಕ್ಕ ಒಂದೇ ಮಾತು ಹೇಳುತ್ತಿದ್ದಳು: "ಗಟ್ಟಿಯಾಗಿಯೇ ಹಿಡಿದುಕೊಂಡಿದ್ದೆನಲ್ಲೋ."

ಅವಳು ಹೇಳಿದ್ದು ನಿಜ. ಗಟ್ಟಿಯಾಗಿಯೇ ಹಿಡಿದಿದ್ದಳು. ಬರೀ ಬ್ರೇಕಿಗೇ ಕೈ ತಪ್ಪಿತು ಎಂದರೆ ಅಪಘಾತದಲ್ಲಿ ಏನಾಗುತ್ತದೆ ಎಂದು ಆ ರಾತ್ರಿ ಲೆಕ್ಕ ಹಾಕಿ ನೋಡಿದೆ. 50 ಕಿ.ಮೀ. ವೇಗದ ಕಾರು ಮರಕ್ಕೋ ಲಾರಿಗೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಹತ್ತು ಕಿಲೋ ತೂಕದ ಮಗುವನ್ನು ತಡೆದು ಹಿಡಿಯಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ತೋಟದಲ್ಲಿ 50 ಕಿಲೋ ಕಾಫಿ ಮೂಟೆ ಹೊತ್ತವರಿಗೆ ಇದರ ಅಂದಾಜು ಬೇಗ ಸಿಗುತ್ತದೆ: ಹತ್ತಿರ ಹತ್ತಿರ ಮೂರು ಮೂಟೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಬರಿಗೈಯಲ್ಲಿ. ಯಾವ ತಾಯಿಯಿಂದಲೂ, ಯಾವ ಪೈಲ್ವಾನನಿಂದಲೂ ಆಗದ ಕೆಲಸ. ಆ ವೇಗದಲ್ಲಿ ಗುದ್ದುವುದಕ್ಕೂ ಹತ್ತು ಮೀಟರ್ ಎತ್ತರದಿಂದ ಬೀಳುವುದಕ್ಕೂ ವ್ಯತ್ಯಾಸವಿಲ್ಲ. ಮೂರನೇ ಮಹಡಿಯ ಅಂಚಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರಲು ನಾವು ಯಾರೂ ಒಪ್ಪುವುದಿಲ್ಲ.

"ನಮ್ಮ ಘಾಟಿ ರಸ್ತೆಯಲ್ಲಿ ಯಾರು ಅಷ್ಟು ಜೋರಾಗಿ ಹೋಗುತ್ತಾರೆ?" ಎಂದು ಕೇಳುವವರಿದ್ದಾರೆ. ನಾವು ನಿಧಾನವಾಗಿ ಹೋಗುತ್ತಿರಬಹುದು, ತಿರುವಿನಲ್ಲಿ ಎದುರಿಗೆ ಬರುವವನು ಹಾಗೆ ಬರುತ್ತಾನೆಂದು ಖಾತ್ರಿ ಇಲ್ಲ. ಸಂಪಾಜೆ ಘಾಟಿಯಲ್ಲಾಗಲಿ ಮಾಕುಟ್ಟದ ಇಳಿಜಾರಿನಲ್ಲಾಗಲಿ ಇನ್ನೊಂದು ಅಪಾಯವೂ ಇದೆ: ಮಳೆಯಲ್ಲಿ ಚಕ್ರ ಜಾರಿ ಕಾರು ಪಕ್ಕಕ್ಕೆ ಉರುಳುವುದು. ಉರುಳುವ ಕಾರಿನಲ್ಲಿ ಕಟ್ಟಿಹಾಕದ ಮೈ ಒಳಗೆಲ್ಲ ಬಡಿಯುತ್ತದೆ, ಬಾಗಿಲು ತೆರೆದುಕೊಂಡರೆ ಹೊರಗೆ ಎಸೆಯಲ್ಪಡುತ್ತದೆ. ಅದಕ್ಕೆ ಹೆಚ್ಚಿನ ವೇಗವೇ ಬೇಕಿಲ್ಲ.

ಹಾಗಾಗಿ ಕೆಳಗಿನದನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಓದಿ, ಆಮೇಲೆ ಕಾರಿನ ಹತ್ತಿರ ಹೋಗಿ ಒಂದೊಂದಾಗಿ ಮಾಡಿ ನೋಡಿ.

ಮೊದಲು ತೂಗಿ, ಅಳೆಯಿರಿ

ಸೀಟನ್ನು ಆರಿಸುವುದು ಮಗುವಿನ ತೂಕ ಮತ್ತು ಎತ್ತರ ನೋಡಿ, ವಯಸ್ಸು ನೋಡಿ ಅಲ್ಲ. ಹತ್ತಿರದ ಅಂಗನವಾಡಿಯಲ್ಲಿ ತೂಗಿಸಬಹುದು. ಎತ್ತರವನ್ನು ಗೋಡೆಗೆ ಒರಗಿಸಿ ಪೆನ್ಸಿಲ್ ಗೀಟು ಹಾಕಿ ಅಳೆದರೆ ಸಾಕು.

ಹುಟ್ಟಿದ ಮಗುವಿನಿಂದ ಸುಮಾರು 13 ಕಿಲೋ ತನಕ ಹಿಮ್ಮುಖ ಸೀಟು, ಅಂದರೆ ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂಥದ್ದು. ಮಗುವಿನ ತಲೆ ಮೈಗೆ ಹೋಲಿಸಿದರೆ ಬಹಳ ದೊಡ್ಡದು, ಉದ್ದದಲ್ಲಿ ಹೆಚ್ಚು ಕಡಿಮೆ ಕಾಲು ಭಾಗ. ಕುತ್ತಿಗೆಯ ಮೂಳೆಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಕಾರು ಗುದ್ದಿದಾಗ, ಮುಂದಕ್ಕೆ ಮುಖ ಮಾಡಿ ಕೂತ ಕೂಸಿನ ತಲೆ ಮುಂದಕ್ಕೆ ಚಿಮ್ಮುತ್ತದೆ, ಆ ಎಳೆತವೆಲ್ಲ ಎಳೆಯ ಕುತ್ತಿಗೆಯ ಮೇಲೆ. ಹಿಮ್ಮುಖವಾಗಿ ಕೂತರೆ ಅದೇ ಬಲ ಬೆನ್ನು, ಭುಜ, ತಲೆಗಳಿಗೆಲ್ಲ ಹಂಚಿಹೋಗಿ ಸೀಟಿನ ಚಿಪ್ಪು ಅದನ್ನು ತಾಳಿಕೊಳ್ಳುತ್ತದೆ. ಎತ್ತರದ ಲೆಕ್ಕದಲ್ಲಿ ತಯಾರಾಗುವ ಯುರೋಪಿನ ಹೊಸ ಮಾನದಂಡದ ಸೀಟುಗಳಲ್ಲಿ 15 ತಿಂಗಳು ತುಂಬುವ ತನಕ ಮಗುವನ್ನು ಮುಂದಕ್ಕೆ ತಿರುಗಿಸುವಂತೆಯೇ ಇಲ್ಲ. ನನ್ನನ್ನು ಕೇಳಿದರೆ ಅಲ್ಲಿಗೂ ನಿಲ್ಲಿಸಬೇಡಿ. ಸೀಟಿನ ತೂಕ, ಎತ್ತರದ ಮಿತಿ ಇರುವಷ್ಟು ಕಾಲ ಹಿಮ್ಮುಖವಾಗಿಯೇ ಕೂರಿಸಿ. ಕಾಲು ಮಡಚಿ ಕೂತರೆ ಮಗುವಿಗೆ ನೋವಾಗುವುದಿಲ್ಲ. ನಮಗೆ ಮಾತ್ರ ಹಾಗೆ ಕಾಣುತ್ತದೆ.

ಆಮೇಲೆ 18 ಕಿಲೋ ತನಕ ಐದು ಕಡೆ ಪಟ್ಟಿ ಇರುವ ಮುಮ್ಮುಖ ಸೀಟು. ಅದರಾಚೆ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟ್ ಸರಿಯಾದ ಜಾಗಕ್ಕೆ ಬರುವಂತೆ ಮಾಡುವ ಸೀಟು. 36 ಕಿಲೋ ತನಕದ ಬೂಸ್ಟರ್‌ಗಳಿವೆ.

ಕೊಳ್ಳುವಾಗ ಬಣ್ಣ, ಮೆತ್ತೆ ನೋಡುವ ಮೊದಲು ಹಿಂಬದಿಯ ಚೀಟಿ ನೋಡಿ. ಭಾರತದ ಮಾನದಂಡ ಎಐಎಸ್ 072. ಯುರೋಪಿನದಾದರೆ ಆರ್44 ಅಥವಾ ಆರ್129 ಎಂದು, ವೃತ್ತದೊಳಗೆ ಇ ಅಕ್ಷರ ಹಾಗೂ ಒಂದು ಅಂಕಿಯೊಂದಿಗೆ ಅಚ್ಚಾಗಿರುತ್ತದೆ. ಇವು ಯಾವುವೂ ಇಲ್ಲದ, ಮೆತ್ತೆಗೆ ನಾಲ್ಕು ಪಟ್ಟಿ ಹೊಲಿದು "ಕಾರ್ ಸೀಟ್" ಎಂದು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಮಾರುವ ವಸ್ತುವನ್ನು ಕೊಳ್ಳಬೇಡಿ. ಪರಿಚಯದವರು ಕೊಟ್ಟ ಹಳೆಯ ಸೀಟು ತೆಗೆದುಕೊಳ್ಳುವುದಾದರೆ ಎರಡು ಪ್ರಶ್ನೆ ಕೇಳಿ: ಇದು ಅಪಘಾತವಾದ ಕಾರಿನಲ್ಲಿತ್ತೇ? ತಯಾರಾಗಿ ಎಷ್ಟು ವರ್ಷವಾಯಿತು? ಪ್ಲಾಸ್ಟಿಕ್ ಬಿಸಿಲಿಗೆ, ಕಾಲಕ್ಕೆ ಪೆಡಸಾಗುತ್ತದೆ. ಅದಕ್ಕೇ ತಯಾರಕರು ಬಳಕೆಯ ಅವಧಿ ಸೂಚಿಸಿರುತ್ತಾರೆ. ನೆಂಟರ ಮನೆಯಿಂದ ಬಂದ ಸೀಟು ಎಂಬ ಸಂಕೋಚಕ್ಕೆ ಈ ಪ್ರಶ್ನೆಗಳನ್ನು ಬಿಡಬೇಡಿ.

ಎಲ್ಲಿ ಇಡಬೇಕು

ಹಿಂದಿನ ಸೀಟಿನಲ್ಲಿ. ಮುಂದೆ ಏರ್‌ಬ್ಯಾಗ್ ಇರುವ ಕಡೆ ಹಿಮ್ಮುಖ ಸೀಟನ್ನು ಎಂದೂ ಇಡಬಾರದು. ಏರ್‌ಬ್ಯಾಗ್ ಉಬ್ಬುವ ಹೊಡೆತ ನೇರವಾಗಿ ಮಗುವಿನ ತಲೆಯ ಹಿಂದಿರುವ ಚಿಪ್ಪಿಗೆ ಬೀಳುತ್ತದೆ, ಅದು ಕೊಲ್ಲಬಲ್ಲದು. ಕಾರಿನ ಮುಂದಿನ ಬಿಸಿಲು ಮರೆಯ ಮೇಲೆ ಮಗು, ಅಡ್ಡ ಗೀಟು ಇರುವ ಚಿತ್ರ ಇರುವುದು ಇದನ್ನೇ ಹೇಳಲು. ಸಹಪ್ರಯಾಣಿಕರ ಏರ್‌ಬ್ಯಾಗ್ 2022ರಿಂದ ತಯಾರಾಗುವ ಎಲ್ಲ ಹೊಸ ಕಾರುಗಳಲ್ಲೂ ಕಡ್ಡಾಯವಾಗಿರುವುದರಿಂದ, "ನಮ್ಮ ಕಾರಿನಲ್ಲಿ ಅದೆಲ್ಲ ಇಲ್ಲ" ಎನ್ನುವ ಮಾತು ಈಗ ನಡೆಯುವುದಿಲ್ಲ. ಹದಿಮೂರು ತುಂಬುವ ತನಕ ದೊಡ್ಡ ಮಕ್ಕಳೂ ಹಿಂದೆಯೇ ಕೂರಲಿ.

ಸೀಟನ್ನು ಕಾರಿಗೆ ಬಿಗಿಯುವುದು

ಹೆಚ್ಚಿನವರು ಸೋಲುವುದು ಇಲ್ಲಿ, ನಾನೂ ಸೋತಿದ್ದೆ. ಆನೆಕಾಡಿನ ಘಟನೆಯಾದ ವಾರವೇ ಅಕ್ಕನ ಮಗುವಿಗೆಂದು ಸೀಟು ತರಿಸಿದೆ. ಅಂಗಳದಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷದಲ್ಲಿ ಕಟ್ಟಿ ಮುಗಿಸಿದೆ. ನೋಡಲು ಚೆನ್ನಾಗಿತ್ತು. ಎರಡು ತಿಂಗಳ ಮೇಲೆ ಕೈಪಿಡಿ ಓದುತ್ತ ಅದರಲ್ಲಿ ಹೇಳಿದಂತೆ ಸೀಟಿನ ಬುಡ ಹಿಡಿದು ಅಲ್ಲಾಡಿಸಿದರೆ ಒಂದು ಗೇಣು ಅತ್ತಿತ್ತ ಸರಿಯಿತು. ಬೆಲ್ಟನ್ನು ತಪ್ಪು ದಾರಿಯಲ್ಲಿ ಹಾಯಿಸಿದ್ದೆ. ಎರಡು ತಿಂಗಳು ಮಗು ಕೂತದ್ದು ಸಡಿಲ ಸೀಟಿನಲ್ಲಿ.

ಕಾರಿನ ಬೆಲ್ಟಿನಿಂದ ಕಟ್ಟುವ ಸೀಟಾದರೆ ಹೀಗೆ ಮಾಡಿ. ಸೀಟಿನ ಪಕ್ಕದಲ್ಲಿ ಬೆಲ್ಟ್ ಹಾಯಬೇಕಾದ ಜಾಗಕ್ಕೆ ಬಣ್ಣದ ಗುರುತು ಇರುತ್ತದೆ: ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಬೆಲ್ಟನ್ನು ತಿರುಚಿಕೊಳ್ಳದಂತೆ ಅಲ್ಲಿ ಹಾಯಿಸಿ ಬಕಲ್ ಹಾಕಿ. ಈಗ ನಿಮ್ಮ ಮೊಣಕಾಲನ್ನು ಮಗು ಕೂರುವ ಜಾಗದ ಮೇಲಿಟ್ಟು ಮೈಭಾರವನ್ನೆಲ್ಲ ಬಿಟ್ಟು ಒತ್ತಿ. ಕೆಳಗಿನ ಮೆತ್ತೆ ತಗ್ಗುತ್ತದೆ. ಹಾಗೆಯೇ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಬೆಲ್ಟಿನ ಸಡಿಲವನ್ನೆಲ್ಲ ಎಳೆದುಕೊಳ್ಳಿ. ಮೊದಲು ಸೊಂಟದ ಭಾಗ, ಆಮೇಲೆ ಭುಜದ ಭಾಗ. ನಮ್ಮ ಬಹುತೇಕ ಕಾರುಗಳ ಬೆಲ್ಟ್ ಜೋರಾಗಿ ಜಗ್ಗಿದಾಗ ಮಾತ್ರ ಹಿಡಿದುಕೊಳ್ಳುತ್ತದೆ, ಮೆಲ್ಲಗೆ ಎಳೆದರೆ ಬರುತ್ತಲೇ ಇರುತ್ತದೆ. ಹಾಗಾಗಿ ಸೀಟಿನಲ್ಲಿ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಇದ್ದರೆ ಅದನ್ನು ಮುಚ್ಚುವುದನ್ನು ಮರೆಯಬೇಡಿ. ಈಗ ಬೆಲ್ಟ್ ಹಾಯ್ದ ಜಾಗದಲ್ಲೇ ಸೀಟನ್ನು ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರ್, ಅಂದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ. ಕಟ್ಟಿ ಮುಗಿಸಿದಾಗ ಬೆವರಿರಬೇಕು, ಮಡಿಕೇರಿಯ ಚಳಿಯಲ್ಲೂ.

ಐಸೋಫಿಕ್ಸ್, ಅಂದರೆ ಬೆಲ್ಟಿಲ್ಲದೆ ಮಕ್ಕಳ ಸೀಟನ್ನು ನೇರವಾಗಿ ಕಾರಿಗೆ ಸಿಕ್ಕಿಸುವ ವ್ಯವಸ್ಥೆ, ಇರುವ ಕಾರಾದರೆ ಕೆಲಸ ಸುಲಭ. ಹಿಂದಿನ ಸೀಟಿನ ಕೂರುವ ಮೆತ್ತೆಯೂ ಒರಗುವ ಮೆತ್ತೆಯೂ ಕೂಡುವ ಸಂದಿಯಲ್ಲಿ ಕೈ ಹಾಕಿ, ಎರಡು ಕಬ್ಬಿಣದ ಕಂಬಿಗಳು ಸಿಗುತ್ತವೆ. ಸೀಟಿನ ಎರಡು ಕೊಂಡಿಗಳನ್ನು ಅದಕ್ಕೆ ಸಿಕ್ಕಿಸಿ, ಟಕ್ ಎಂಬ ಸದ್ದು ಎರಡು ಸಲ ಕೇಳಬೇಕು. ಗುರುತು ಹಸಿರಾಗಬೇಕು. ಅಲ್ಲಿಗೆ ಮುಗಿಯಲಿಲ್ಲ. ಮೂರನೆಯ ಹಿಡಿತವೊಂದಿದೆ: ನೆಲಕ್ಕೆ ಊರುವ ಕಾಲು ಅಥವಾ ಹಿಂದಕ್ಕೆ ಎಳೆದು ಕಟ್ಟುವ ಮೇಲಿನ ಪಟ್ಟಿ. ಆ ಪಟ್ಟಿಯನ್ನು ಸಾಮಾನು ಕಟ್ಟುವ ಕೊಕ್ಕೆಗೆ ಹಾಕುವವರನ್ನು ನೋಡಿದ್ದೇನೆ. ಅದಕ್ಕೆಂದೇ ಇರುವ ಕೊಂಡಿ ಎಲ್ಲಿದೆ ಎಂದು ಕಾರಿನ ಕೈಪಿಡಿಯಲ್ಲಿ ನೋಡಿ.

ಎಳೆಗೂಸಿನ ಸೀಟಾದರೆ ಒರಗುವ ಕೋನವನ್ನೂ ನೋಡಬೇಕು. ಸುಮಾರು 45 ಡಿಗ್ರಿ ಇರಲಿ. ತೀರಾ ನೆಟ್ಟಗಿದ್ದರೆ ನಿದ್ದೆಯಲ್ಲಿ ತಲೆ ಮುಂದಕ್ಕೆ ಜೋತು ಗಲ್ಲ ಎದೆಗೆ ತಾಗಿ ಉಸಿರು ಕಟ್ಟಬಹುದು. ಇಳಿಜಾರಿನ ಅಂಗಳದಲ್ಲಿ ನಿಂತ ಕಾರಿನಲ್ಲಿ ಕೋನ ನೋಡಬೇಡಿ. ಸಮತಟ್ಟಾದ ಜಾಗಕ್ಕೆ ಕಾರು ತಂದು ನೋಡಿ. ಬೆಂಗಳೂರಿನಂಥ ದೂರದ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ ಕೂಸನ್ನು ಎತ್ತಿಕೊಂಡು ಓಡಾಡಿಸಿ.

ಮಗುವನ್ನು ಸೀಟಿಗೆ ಬಿಗಿಯುವುದು

ಭುಜದ ಪಟ್ಟಿ ಹೊರಡುವ ರಂಧ್ರ ಹಿಮ್ಮುಖ ಸೀಟಿನಲ್ಲಿ ಮಗುವಿನ ಭುಜದ ಮಟ್ಟದಲ್ಲಿ ಅಥವಾ ತುಸು ಕೆಳಗಿರಬೇಕು. ಮುಮ್ಮುಖವಾದರೆ ಭುಜದ ಮಟ್ಟದಲ್ಲಿ ಅಥವಾ ತುಸು ಮೇಲೆ. ಬಕಲ್ ಹಾಕಿ ಎಳೆದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲ. ಬೆರಳು ಜಾರಿಹೋದರೆ ಸರಿ.

ಕೊಡಗಿನಲ್ಲಿ ಇದಕ್ಕೆ ದೊಡ್ಡ ತೊಡಕು ಸ್ವೆಟರ್. ಡಿಸೆಂಬರ್, ಜನವರಿಯ ಬೆಳಿಗ್ಗೆ ಮಗುವಿಗೆ ದಪ್ಪ ಜಾಕೆಟ್ ತೊಡಿಸದೆ ಹೊರಡುವುದೇ ಇಲ್ಲ, ಮಳೆಗಾಲದಲ್ಲಿ ಅದರ ಮೇಲೊಂದು ರೇನ್‌ಕೋಟು. ಒಮ್ಮೆ ಮನೆಯಲ್ಲೇ ಪರೀಕ್ಷೆ ಮಾಡಿ. ಜಾಕೆಟ್ ಹಾಕಿದ ಮಗುವನ್ನು ಕೂರಿಸಿ ಪಟ್ಟಿ ಬಿಗಿಯಿರಿ. ಪಟ್ಟಿಯನ್ನು ಸಡಿಲಿಸದೆ ಬಕಲ್ ಮಾತ್ರ ಬಿಚ್ಚಿ ಮಗುವನ್ನು ಎತ್ತಿ, ಜಾಕೆಟ್ ತೆಗೆದು ಮತ್ತೆ ಕೂರಿಸಿ ಬಕಲ್ ಹಾಕಿ. ನಾನು ಹಾಗೆ ಮಾಡಿದಾಗ ಎದೆಗೂ ಪಟ್ಟಿಗೂ ನಡುವೆ ನನ್ನ ಮುಷ್ಟಿ ಹೋಗುವಷ್ಟು ಜಾಗವಿತ್ತು. ಗುದ್ದಿದಾಗ ಜಾಕೆಟ್ಟಿನೊಳಗಿನ ಹತ್ತಿ, ಗಾಳಿ ಎಲ್ಲ ಅಪ್ಪಚ್ಚಿಯಾಗಿ ಅಷ್ಟೂ ಜಾಗ ಸಡಿಲವಾಗುತ್ತದೆ, ಮಗು ಅದರಲ್ಲಿ ನುಸುಳಿ ಹೊರಬರುತ್ತದೆ. ಆದ್ದರಿಂದ ತೆಳು ಬಟ್ಟೆಯಲ್ಲಿ ಕೂರಿಸಿ, ಪಟ್ಟಿ ಬಿಗಿದು, ಆ ಮೇಲೆ ಕಂಬಳಿ ಹೊದಿಸಿ. ಜಾಕೆಟ್ಟನ್ನೇ ಹಿಂದುಮುಂದಾಗಿ ತೋಳಿಗೆ ಸಿಕ್ಕಿಸಿದರೂ ಆಯಿತು. ಹೊರಡುವ ಐದು ನಿಮಿಷ ಮೊದಲು ಕಾರಿನ ಹೀಟರ್ ಹಾಕಿಟ್ಟರೆ ಅಜ್ಜಿಯಂದಿರ ಆಕ್ಷೇಪವೂ ಅರ್ಧ ಕಡಿಮೆಯಾಗುತ್ತದೆ. ಆದರೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆ ಒಳಗೇ ತುಂಬುತ್ತದೆ.

ಅಜ್ಜಿಯಂದಿರ ಮಾತು ಬಂತು. "ನಿಮ್ಮನ್ನೆಲ್ಲ ಜೀಪಿನಲ್ಲಿ ಮಡಿಲಲ್ಲೇ ಕೂರಿಸಿಕೊಂಡು ಬೆಳೆಸಲಿಲ್ಲವೇ? ಮಗುವನ್ನು ಕಟ್ಟಿಹಾಕುತ್ತಾರೆಯೇ?" ನಮ್ಮಮ್ಮನೂ ಇದನ್ನೇ ಕೇಳಿದರು. ವಾದ ಮಾಡಲಿಲ್ಲ. ಹತ್ತು ಕಿಲೋ ಅಕ್ಕಿಯ ಚೀಲವನ್ನು ಅವರ ತೊಡೆಯ ಮೇಲಿಟ್ಟು, ಬೆಲ್ಟ್ ಹಾಕಿಸಿ, ಖಾಲಿ ಮೈದಾನದಲ್ಲಿ ಇಪ್ಪತ್ತರ ವೇಗದಲ್ಲಿ ಹೋಗಿ, ಹೇಳಿಯೇ ಬ್ರೇಕ್ ಒತ್ತಿದೆ. ಚೀಲ ಜಾರಿ ಕಾಲ ಬಳಿ ಬಿತ್ತು. ಅಮ್ಮ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಈಗ ಮೊಮ್ಮಗನ ಪಟ್ಟಿಯನ್ನು ಚಿವುಟಿ ನೋಡುವವರು ಅವರೇ.

ಘಾಟಿಯಲ್ಲಿ ವಾಂತಿ, ಅಳು

ಮಗುವನ್ನು ಸೀಟಿನಿಂದ ಎತ್ತುವುದು ಹೆಚ್ಚಾಗಿ ಇದೇ ಎರಡು ಕಾರಣಕ್ಕೆ, ಅದೂ ಅತಿ ಕೆಟ್ಟ ತಿರುವುಗಳಲ್ಲಿ. ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚುವುದಿಲ್ಲ ಎಂಬುದನ್ನು ಮನೆಯವರೆಲ್ಲ ಸೇರಿ ಮೊದಲೇ ತೀರ್ಮಾನಿಸಿಕೊಳ್ಳಿ. ಅಳು ಜೋರಾದರೆ ನಿಲ್ಲಿಸಿ, ತಿರುವಿನಲ್ಲಲ್ಲ, ಮಂಜಿನ ನಡುವೆಯೂ ಅಲ್ಲ. ರಸ್ತೆ ಅಗಲವಾಗಿರುವ, ಎರಡೂ ಕಡೆಯಿಂದ ಕಾರು ಕಾಣುವ ಜಾಗದಲ್ಲಿ. ಸಂಪಾಜೆ ಇಳಿಯುವ ಮುನ್ನ ಹೊಟ್ಟೆ ತುಂಬ ಹಾಲು ಕುಡಿಸಬೇಡಿ, ಹೊರಡುವ ಒಂದು ಗಂಟೆ ಮೊದಲು ಲಘುವಾಗಿ ತಿನ್ನಿಸಿ. ಎದೆಯ ಮೇಲೆ, ಪಟ್ಟಿಗಳ ಮೇಲಿನಿಂದ ಒಂದು ಟವೆಲ್ ಹರಡಿ. ಪಟ್ಟಿಯ ಕೆಳಗೆ ಅಥವಾ ಬೆನ್ನ ಹಿಂದೆ ಟವೆಲ್, ದಿಂಬು ತುರುಕಬಾರದು, ಅದೂ ಜಾಕೆಟ್ಟಿನಂತೆಯೇ ಸಡಿಲ ಮಾಡುತ್ತದೆ. ಕಿಟಕಿ ತುಸು ಇಳಿಸಿ, ಮೊಬೈಲ್ ಕೊಡಬೇಡಿ. ತಿರುವಿನಲ್ಲಿ ಪರದೆ ನೋಡಿದರೆ ಹೊಟ್ಟೆ ತೊಳಸುವುದು ಹೆಚ್ಚು.

ವಾಂತಿಯಾದ ಪಟ್ಟಿಯನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ, ಬ್ಲೀಚ್ ಸವರಬೇಡಿ. ನೇಯ್ಗೆಯ ಗಟ್ಟಿತನ ಹೋಗುತ್ತದೆ. ಒದ್ದೆ ಬಟ್ಟೆಗೆ ಮೆದು ಸಾಬೂನು ಹಚ್ಚಿ ಒರೆಸಿ ನೆರಳಿನಲ್ಲಿ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುವಂತೆ ಸೀಟಿಗೂ ಹಿಡಿಯುತ್ತದೆ. ವಾರಕ್ಕೊಮ್ಮೆ ಸೀಟನ್ನು ಮನೆಯೊಳಗೆ ತಂದು ಒಲೆಯಿಂದ ದೂರ, ಗಾಳಿಯಾಡುವ ಕಡೆ ಇಡಿ. ಹೊರಗಿನ ಬಟ್ಟೆಯ ಹೊದಿಕೆ ಒಗೆಯಬಹುದಾದದ್ದಾದರೆ ಒಗೆಯಿರಿ. ಮತ್ತೆ ಕಾರಿಗೆ ಕಟ್ಟುವಾಗ ಮೊಣಕಾಲು ಒತ್ತುವುದರಿಂದ ಅಲ್ಲಾಡಿಸಿ ನೋಡುವ ತನಕ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಬರೀ ಬೆಲ್ಟ್ ಯಾವಾಗ ಸಾಕು

ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ತಂದದ್ದು. ಅದು ದೊಡ್ಡವರ ಮೈಗೆ ಹೊಂದುವ ಸಾಧನ. ಬಲ ಬೀಳಬೇಕಾದದ್ದು ಗಟ್ಟಿ ಮೂಳೆಗಳ ಮೇಲೆ: ಸೊಂಟ, ಎದೆಗೂಡು, ಭುಜ. ಆರು ವರ್ಷದ ಮಗುವಿಗೆ ಹಾಕಿದರೆ ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ, ಮೇಲಿನದು ಕತ್ತಿನ ಮೇಲೆ ಬರುತ್ತದೆ. ಕತ್ತಿಗೆ ಚುಚ್ಚುತ್ತದೆಂದು ಮಗು ಅದನ್ನು ಕಂಕುಳ ಕೆಳಗೆ ಸರಿಸಿಕೊಳ್ಳುತ್ತದೆ. ಗುದ್ದಿದಾಗ ಪಕ್ಕೆಲುಬು, ಕರುಳು, ಯಕೃತ್ತು ಬಲಿಯಾಗುತ್ತವೆ.

ಬೂಸ್ಟರ್ ಬಿಡುವ ಮೊದಲು ಮಗುವನ್ನು ಬೂಸ್ಟರ್ ಇಲ್ಲದೆ ಕೂರಿಸಿ ನೋಡಿ. ಬೆನ್ನು ಪೂರ್ತಿ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚುತ್ತದೆಯೇ, ಪಾದ ನೆಲಕ್ಕೆ ಊರುತ್ತದೆಯೇ, ಕೆಳಪಟ್ಟಿ ತೊಡೆ ಸೇರುವಲ್ಲಿ ಸೊಂಟದ ಮೂಳೆಯ ಮೇಲೆ ಕೂರುತ್ತದೆಯೇ, ಮೇಲ್ಪಟ್ಟಿ ಭುಜದ ನಡುವೆ ಹಾಯುತ್ತದೆಯೇ, ಮಡಿಕೇರಿಯಿಂದ ಮೈಸೂರು ಮುಟ್ಟುವ ತನಕ ಹೀಗೇ ಕೂರಬಲ್ಲದೇ. ಒಂದಕ್ಕೆ "ಇಲ್ಲ" ಎಂದಾದರೂ ಬೂಸ್ಟರ್ ಇರಲಿ. ಸಾಮಾನ್ಯವಾಗಿ ಸುಮಾರು 145 ಸೆಂಟಿಮೀಟರ್ ಎತ್ತರ ಬರುವ ತನಕ ಬೇಕಾಗುತ್ತದೆ. ಸೊಂಟಕ್ಕೆ ಮಾತ್ರ ಬೆಲ್ಟ್ ಇರುವ ಹಳೆಯ ಕಾರಿನ ನಡುಸೀಟಿನಲ್ಲಿ ಬೂಸ್ಟರ್ ಬಳಸಬಾರದು.

ಒಂದೇ ಬೆಲ್ಟಿನೊಳಗೆ ತಾಯಿ, ಮಗು ಇಬ್ಬರೂ ಕೂರುವುದು ಎಲ್ಲಕ್ಕಿಂತ ಕೆಟ್ಟದ್ದು. ತಾಯಿಯ ಮೈಭಾರವೇ ಮಗುವನ್ನು ಬೆಲ್ಟಿಗೆ ಹಾಕಿ ಅಮುಕುತ್ತದೆ.

ಜೀಪು, ಸ್ಕೂಟರು

ಹಿಂದೆ ಅಡ್ಡ ಬೆಂಚುಗಳಿರುವ ಜೀಪಿನಲ್ಲಿ ಮಕ್ಕಳ ಸೀಟು ಕಟ್ಟಲು ಆಗುವುದೇ ಇಲ್ಲ. ಮಕ್ಕಳ ಸೀಟುಗಳೆಲ್ಲ ತಯಾರಾಗುವುದು, ಸೀಟುಗಳು ಮುಂದಕ್ಕೆ ಮುಖ ಮಾಡಿರುವ ಕಾರಿಗೆಂದೇ. ತೋಟಕ್ಕೆ ಜೀಪು ಬೇಕು, ಒಪ್ಪುತ್ತೇನೆ. ಮಗುವನ್ನು ಅದರಲ್ಲಿ ಮುಖ್ಯ ರಸ್ತೆಗೆ ಒಯ್ಯಬೇಡಿ. ಹೊಸ ವಾಹನ ಕೊಳ್ಳುವವರು 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ, ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆ 49ಕ್ಕೆ ಎಷ್ಟು ಅಂಕ ಬಂದಿದೆ ಎಂದು ನೋಡಿ. ನಕ್ಷತ್ರಗಳ ಎಣಿಕೆಯನ್ನಷ್ಟೇ ನೋಡಿದರೆ ಸಾಲದು.

ಸ್ಕೂಟರಿನಲ್ಲಿ ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸುವುದಾದರೆ ಸವಾರನ ಮೈಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅಳತೆಗೆ ಹೊಂದುವ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರಬಾರದು. ಇದು 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮ. ಕಾರಿನ ವಿಷಯದಲ್ಲಿ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಇದೆ. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಓಡಿಸಿದರೆ ಚಾಲಕನಿಗೆ 1,000 ರೂಪಾಯಿ ದಂಡ. ದೊಡ್ಡವರು ಬೆಲ್ಟ್ ಹಾಕದಿದ್ದರೂ ಅಷ್ಟೇ.

ದೊಡ್ಡವರ ಬೆಲ್ಟ್, ಹಿಂದಿನ ಸಾಮಾನು

ಮಗುವಿನ ಪಕ್ಕ ಬೆಲ್ಟ್ ಹಾಕದೆ ಕೂತ ಎಪ್ಪತ್ತು ಕಿಲೋದ ಮಾವ ಅಪಘಾತದಲ್ಲಿ ಮಗುವಿನ ಮೇಲೆಯೇ ಬೀಳುತ್ತಾರೆ. ಹಾಗಾಗಿ ಹಿಂದೆ ಕೂತವರೂ ಹಾಕಲೇಬೇಕು. ಸೀರೆ ಮುದುಡುತ್ತದೆ ಎಂದರೆ ಇಳಿದ ಮೇಲೆ ಸರಿಮಾಡಿಕೊಳ್ಳಬಹುದು. ಬಸುರಿಯರು ಕೆಳಪಟ್ಟಿಯನ್ನು ಹೊಟ್ಟೆಯ ಅಡಿಯಲ್ಲಿ, ತೊಡೆಯ ಬುಡಕ್ಕೆ ಸರಿಸಿ, ಮೇಲ್ಪಟ್ಟಿಯನ್ನು ಎದೆಯ ನಡುವೆ ತಂದು ಹಾಕಿಕೊಳ್ಳಲಿ. ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ ಚೇಲೆ ತೊಟ್ಟು ಮದುವೆಗೆ ಹೊರಟವರು ಪೀಚೆಕತ್ತಿಯನ್ನು ಸೊಂಟದಿಂದ ತೆಗೆದಿಟ್ಟು ಬೆಲ್ಟ್ ಹಾಕಿ, ಮಂಟಪದ ಬಾಗಿಲಲ್ಲಿ ಇಳಿದ ಮೇಲೆ ಮತ್ತೆ ಸಿಕ್ಕಿಸಿಕೊಳ್ಳಲಿ. ಬೆಲ್ಟ್ ಹಾಕದಿದ್ದಾಗ ಬರುವ ಎಚ್ಚರಿಕೆಯ ಸದ್ದು ಅಡಗಿಸುವ ಸುಳ್ಳು ಕ್ಲಿಪ್‌ಗಳು ನಿಮ್ಮ ಕಾರಿನಲ್ಲಿದ್ದರೆ ಇವತ್ತೇ ಎಸೆಯಿರಿ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅವುಗಳ ಮಾರಾಟ ನಿಲ್ಲಿಸುವಂತೆ ಆನ್‌ಲೈನ್ ಮಳಿಗೆಗಳಿಗೆ ಆದೇಶಿಸಿದ್ದು ಸುಮ್ಮನೆ ಅಲ್ಲ.

ಸುಗ್ಗಿಯ ಹಬ್ಬ ಪುತ್ತರಿಗೆ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಹೊರಟ ಕಾರುಗಳಲ್ಲಿ ಹಿಂದಿನ ಗಾಜಿನ ಕೆಳಗೆ ತೆಂಗಿನಕಾಯಿ, ಸ್ಟೀಲ್ ಡಬ್ಬ, ಕೊಡೆ ಇಟ್ಟಿರುವುದನ್ನು ನೋಡುತ್ತೇನೆ. ಗುದ್ದಿದಾಗ ಅವು ಕಾರಿನ ವೇಗದಲ್ಲೇ ಮುಂದಕ್ಕೆ ಹಾರುತ್ತವೆ, ಮೊದಲು ಸಿಗುವುದು ಹಿಂದಿನ ಸೀಟಿನ ತಲೆಗಳು. ಭಾರದ್ದನ್ನೆಲ್ಲ ಡಿಕ್ಕಿಯ ನೆಲಕ್ಕೆ, ಸೀಟಿಗೆ ಒತ್ತಿ ಇಡಿ.

ಜೋರಾದ ಅಪಘಾತವಾದರೆ ಸೀಟು ಹೊರಗಿನಿಂದ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ. ಒಳಗಿನ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಗುಜರಿಗೆ ಹಾಕುವ ಮುನ್ನ ಪಟ್ಟಿಗಳನ್ನು ಕತ್ತಿಯಿಂದ ಕೊಯ್ದುಹಾಕಿ, ಚಿಪ್ಪಿನ ಮೇಲೆ "ಅಪಘಾತವಾದದ್ದು, ಬಳಸಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ, ಇನ್ನೊಬ್ಬರು ಎತ್ತಿಕೊಂಡು ಹೋಗಿ ತಮ್ಮ ಮಗುವನ್ನು ಅದರಲ್ಲಿ ಕೂರಿಸದಂತೆ.